ತಮಟೆಯಿಂದ ಶಂಖದವರೆಗೆ: ಕಿವಿಯ ಕುರಿತು ಒಂದು ಸಂವಾದ

ಕಿವಿಯಲ್ಲಿ ಮೂರು ಭಾಗಗಳಿವೆ: ಹೊರಕಿವಿ, ನಡುಕಿವಿ, ಒಳಕಿವಿ. ಗಾಳಿಯ ಅಲೆಯಾಗಿ ಬಂದ ಸದ್ದು ಮೊದಲು ತೆಳುಪೊರೆಯ ನಡುಕವಾಗುತ್ತದೆ, ಆಮೇಲೆ ಮೂಳೆಗಳ ಅಲುಗಾಟವಾಗುತ್ತದೆ, ಅನಂತರ ದ್ರವದ ಅಲೆಯಾಗುತ್ತದೆ, ಕೊನೆಗೆ ನರದ ಸಂಕೇತವಾಗಿ ಮಿದುಳನ್ನು ಸೇರುತ್ತದೆ. ಈ ದಾರಿಯಲ್ಲಿ ಎಲ್ಲಿ ತೊಡಕಾದರೂ ಕೇಳುವ ಶಕ್ತಿ ಕುಗ್ಗುತ್ತದೆ. ಅದನ್ನು ಸರಿಪಡಿಸಬಹುದೇ ಇಲ್ಲವೇ ಎಂಬುದು ತೊಡಕು ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಕೋಲಾರ ತಾಲ್ಲೂಕಿನ ಕ್ಯಾಲನೂರಿನ ಒಬ್ಬ ರೇಷ್ಮೆ ಬೆಳೆಗಾರ ಮತ್ತು ಒಬ್ಬ ಕಿವಿ ವೈದ್ಯೆಯ ನಡುವಿನ ಮಾತುಕತೆಯ ರೂಪದಲ್ಲಿ ಆ ದಾರಿಯನ್ನು ಇಲ್ಲಿ ವಿವರಿಸಿದೆ.

ಬೆಳೆಗಾರ: ಹೊರಗೆ ಕಾಣುವ ಆಲೆಗೂ ಕೇಳುವುದಕ್ಕೂ ನಂಟಿದೆಯೇ ಡಾಕ್ಟ್ರಮ್ಮ?

ವೈದ್ಯೆ: ಇದೆ. ಆಲೆ ಮೃದ್ವಸ್ಥಿಯಿಂದ ಆದದ್ದು. ಅದರ ಮಡಿಕೆಗಳು ಸದ್ದನ್ನು ಕಿವಿಯ ಕೊಳವೆಗೆ ತಿರುಗಿಸುತ್ತವೆ. ಸದ್ದು ಮೇಲಿನಿಂದ ಬಂತೋ ಕೆಳಗಿನಿಂದಲೋ, ಮುಂದಿನಿಂದಲೋ ಹಿಂದಿನಿಂದಲೋ ಎಂದು ತಿಳಿಯಲು ನೆರವಾಗುತ್ತವೆ. ಎಡಬಲ ತಿಳಿಯುವುದು ಮಾತ್ರ ಎರಡು ಕಿವಿಗಳೂ ಸೇರಿ ಮಾಡುವ ಕೆಲಸ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಬಲಗಡೆಯಿಂದ ಬಂದ ಬಸ್ಸಿನ ಹಾರನ್ ಎಡಗಿವಿಯನ್ನು ತುಸು ತಡವಾಗಿ ಮುಟ್ಟುತ್ತದೆ. ಆ ತಡ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಮಿದುಳು ಅಷ್ಟನ್ನೇ ಹಿಡಿದು ದಿಕ್ಕನ್ನು ಗುರುತಿಸುತ್ತದೆ. ಒಂದು ಕಿವಿ ಮಾತ್ರ ಕೇಳುವವರು ರಸ್ತೆಯಲ್ಲಿ ಹಾರನ್ ಕೇಳಿಯೂ ತಪ್ಪು ಕಡೆಗೆ ತಿರುಗುವುದು ಇದರಿಂದಲೇ.

ಬೆಳೆಗಾರ: ಕೊಳವೆಯಲ್ಲಿ ಸೇರುವ ಗುಗ್ಗೆ ಕೊಳೆ ತಾನೇ? ಬೆಂಕಿಕಡ್ಡಿ, ಹೇರ್‌ಪಿನ್ನು, ಬೈಕಿನ ಕೀ, ಕೋಳಿಪುಕ್ಕ, ಹೀಗೆ ಕೈಗೆ ಸಿಕ್ಕಿದ್ದರಲ್ಲಿ ತೆಗೆಯುವುದು ಎಲ್ಲ ಊರಿನ ರೂಢಿ.

ವೈದ್ಯೆ: ಗುಗ್ಗೆ ಕೊಳೆಯಲ್ಲ, ಕಾವಲು. ದೊಡ್ಡವರ ಕಿವಿಯ ಕೊಳವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಗುಗ್ಗೆ ಹುಟ್ಟುವುದು ಅದರ ಹೊರಗಿನ ಮೂರನೇ ಒಂದು ಪಾಲಿನಲ್ಲಿ ಮಾತ್ರ. ಅದರ ಜಿಡ್ಡು ದೂಳನ್ನು ಹಿಡಿಯುತ್ತದೆ, ನೀರನ್ನು ತಡೆಯುತ್ತದೆ, ರೋಗಾಣುಗಳು ಬೆಳೆಯದಂತೆ ನೋಡಿಕೊಳ್ಳುತ್ತದೆ. ಕೊಳವೆಯ ಚರ್ಮ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಅದರ ಜೊತೆಗೆ ಗುಗ್ಗೆಯೂ ತಾನಾಗಿಯೇ ಹೊರಗೆ ಬಂದು ಉದುರುತ್ತದೆ. ಕಡ್ಡಿ ಹಾಕಿದಾಗ ಅರೆಪಾಲು ಹೊರಗೆ ಬಂದರೆ ಉಳಿದದ್ದು ಇನ್ನಷ್ಟು ಒಳಗೆ ಹೋಗಿ ಗಟ್ಟಿಯಾಗುತ್ತದೆ. ತಲೆಗೆ ನೀರು ಹಾಕಿಕೊಂಡ ಮೇಲೆ ಇದ್ದಕ್ಕಿದ್ದಂತೆ ಕಿವಿ ಮುಚ್ಚಿಹೋಯಿತು ಎನ್ನುವವರಲ್ಲಿ ಬಹಳ ಸಲ ಹೀಗೆ ಗಟ್ಟಿಯಾದ ಗುಗ್ಗೆ ನೀರು ಕುಡಿದು ಉಬ್ಬಿರುತ್ತದೆ. ಮೆತ್ತಗೆ ಮಾಡುವ ತೊಟ್ಟು ಔಷಧಿ ಹಾಕಿ, ಆಮೇಲೆ ಆಸ್ಪತ್ರೆಯಲ್ಲಿ ತೆಗೆಸಿದರೆ ಅದೇ ಗಳಿಗೆಯಲ್ಲಿ ಕಿವಿ ತೆರೆಯುತ್ತದೆ. ಕಿವುಡುತನದ ಕಾರಣಗಳಲ್ಲಿ ಇಷ್ಟು ಸುಲಭವಾಗಿ ಗುಣವಾಗುವುದು ಮತ್ತೊಂದಿಲ್ಲ.

ಬೆಳೆಗಾರ: ಕಿವಿನೋವಿಗೆ ಎಣ್ಣೆ ಕಾಯಿಸಿ ಬಿಡುವುದು?

ವೈದ್ಯೆ: ಬಿಡಬಾರದು. ಕಾದ ಎಣ್ಣೆ ಚರ್ಮವನ್ನು ಸುಡುತ್ತದೆ. ಕಿವಿತಮಟೆಯಲ್ಲಿ ತೂತಿದ್ದರೆ ಎಣ್ಣೆ ನಡುಕಿವಿಗೇ ಇಳಿಯುತ್ತದೆ. ಜಿಡ್ಡು, ಸೆಕೆ, ತೇವ ಮೂರೂ ಸೇರಿದ ಕೊಳವೆಯಲ್ಲಿ ಬೂಷ್ಟು ಬೆಳೆಯುತ್ತದೆ. ತಡೆಯಲಾಗದ ತುರಿಕೆ ಶುರುವಾಗುತ್ತದೆ. ತುರಿಕೆಗೆ ಮತ್ತೆ ಕಡ್ಡಿ, ಕಡ್ಡಿಯಿಂದ ಗಾಯ, ಗಾಯಕ್ಕೆ ಮತ್ತೆ ಎಣ್ಣೆ, ಹೀಗೆ ಅದು ಮುಗಿಯದ ಸುತ್ತು. ಎಣ್ಣೆಯಿಂದ ಪ್ರಯೋಜನವಾಗುವ ಒಂದು ಸಂದರ್ಭವಿದೆ: ಮಲಗಿದವರ ಕಿವಿಗೆ ಜೀವಂತ ಹುಳು ಹೊಕ್ಕಾಗ. ಕಿವಿ ಸೋರುವ ಕಾಯಿಲೆ ಇಲ್ಲದಿದ್ದರೆ ಉಗುರುಬೆಚ್ಚಗಿನ ಎಣ್ಣೆಯ ನಾಲ್ಕು ಹನಿ ಬಿಟ್ಟು ಹುಳುವಿನ ಒದ್ದಾಟ ನಿಲ್ಲಿಸಬಹುದು. ಸತ್ತ ಹುಳುವನ್ನು ಆಮೇಲೆ ವೈದ್ಯರೇ ತೆಗೆಯಬೇಕು. ಮಕ್ಕಳು ಕಿವಿಗೆ ಅವರೆಕಾಳು, ಕಡಲೆಕಾಳು ತುರುಕಿಕೊಂಡಾಗ ನೀರಾಗಲಿ ಎಣ್ಣೆಯಾಗಲಿ ಬಿಡಬಾರದು. ನೀರಿಗೆ ಕಾಳು ಊದಿಕೊಂಡು ಬಿಗಿಯುತ್ತದೆ. ಆಟಿಕೆಯ ಪುಟ್ಟ ಗುಂಡಿ ಬ್ಯಾಟರಿಯಾದರೆ ಒಂದು ಗಂಟೆಯೂ ಕಾಯುವಂತಿಲ್ಲ. ಅದು ಒಳಗಿನ ಚರ್ಮವನ್ನು ಬೇಗನೆ ಸುಟ್ಟುಬಿಡುತ್ತದೆ.

ಬೆಳೆಗಾರ: ಕಿವಿತಮಟೆ ಎಂದಿರಿ. ನಮ್ಮ ಊರಹಬ್ಬದಲ್ಲಿ ಬಾರಿಸುವ ತಮಟೆಗೂ ಅದಕ್ಕೂ ನಿಜವಾಗಿ ಹೋಲಿಕೆ ಇದೆಯೇ?

ವೈದ್ಯೆ: ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ. ಕೊಳವೆಯ ತುದಿಯಲ್ಲಿ ಅಡ್ಡಲಾಗಿ ಬಿಗಿದ ತೆಳುಪೊರೆ ಅದು. ಅಗಲ ಸುಮಾರು ಒಂದು ಸೆಂಟಿಮೀಟರ್, ದಪ್ಪ ಮಿಲಿಮೀಟರಿನ ಹತ್ತರ ಒಂದು ಪಾಲು. ಸದ್ದು ಬಡಿದಾಗ ಅದೂ ನಡುಗುತ್ತದೆ. ಕಿವಿಗೆ ಕೇಳುವ ಅತಿ ಸಣ್ಣ ಸದ್ದಿಗೆ ಅದು ಅಲುಗುವ ದೂರ ಒಂದು ಪರಮಾಣುವಿನ ಅಡ್ಡಳತೆಗಿಂತಲೂ ಕಡಿಮೆ. ಹೋಲಿಕೆ ಇನ್ನೊಂದಿದೆ. ತಮಟೆಯವರು ಬಾರಿಸುವ ಮುಂಚೆ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿಕೊಳ್ಳುತ್ತಾರೆ. ಬಿಗಿಯಿಲ್ಲದ ತಮಟೆ ನುಡಿಯದು. ಕಿವಿತಮಟೆಯ ಹದವನ್ನು ಕಾಪಾಡುವುದು ಗಾಳಿ. ಪೊರೆಯ ಎರಡೂ ಕಡೆ ಗಾಳಿಯ ಒತ್ತಡ ಸಮವಾಗಿದ್ದರೆ ಮಾತ್ರ ಅದು ಚೆನ್ನಾಗಿ ನಡುಗಬಲ್ಲದು. ಅದಕ್ಕಾಗಿ ನಡುಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳವಿದೆ. ಅದರ ಹೆಸರು ಯುಸ್ಟೇಶಿಯನ್ ನಾಳ. ನುಂಗುವಾಗ, ಆಕಳಿಸುವಾಗ ಅದು ತೆರೆದುಕೊಳ್ಳುತ್ತದೆ. ತಿರುಮಲೆಯ ಬೆಟ್ಟ ಇಳಿಯುವಾಗ ಅಡಚಿದ ಕಿವಿ ಎಂಜಲು ನುಂಗಿದರೆ ಬಿಟ್ಟುಕೊಳ್ಳುವುದು ಹಾಗೆಯೇ. ನೆಗಡಿಯಲ್ಲಿ ನಾಳ ಊದಿಕೊಂಡರೆ ಒತ್ತಡ ಏರುಪೇರಾಗಿ ಕಿವಿ ಮಂದವಾಗುತ್ತದೆ.

ಬೆಳೆಗಾರ: ತಮಟೆಯ ಹಿಂದೆ ಏನಿದೆ?

ವೈದ್ಯೆ: ಗಾಳಿ ತುಂಬಿದ ಪುಟ್ಟ ಕೋಣೆ, ಅದರಲ್ಲಿ ಒಂದಕ್ಕೊಂದು ಕೂಡಿಕೊಂಡ ಮೂರು ಮೂಳೆಗಳು. ಆಕಾರ ನೋಡಿ ಅವನ್ನು ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಕರೆದಿದ್ದಾರೆ. ಕೊನೆಯ ರಿಕಾಪು ಸುಮಾರು ಮೂರು ಮಿಲಿಮೀಟರ್ ಇದೆ, ಅಕ್ಕಿಕಾಳಿನ ಅರ್ಧದಷ್ಟು. ಇಡೀ ಮೈಯಲ್ಲಿ ಅದಕ್ಕಿಂತ ಚಿಕ್ಕ ಮೂಳೆಯಿಲ್ಲ. ಈ ಮೂಳೆಗಳು ಏಕೆ ಬೇಕು ಎಂಬುದು ಬಾವಿಯಲ್ಲಿ ಈಜಿದವರಿಗೆ ಗೊತ್ತಿರುತ್ತದೆ. ನೀರಿನಲ್ಲಿ ಮುಳುಗಿದವರಿಗೆ ದಡದಲ್ಲಿ ನಿಂತವರ ಮಾತು ಕೇಳುವುದಿಲ್ಲ, ಏಕೆಂದರೆ ಗಾಳಿಯ ಸದ್ದು ನೀರಿಗೆ ಬಡಿದಾಗ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಪುಟಿಯುತ್ತದೆ. ಒಳಕಿವಿಯಲ್ಲಿ ಇರುವುದೂ ದ್ರವವೇ. ತಮಟೆಯ ದೊಡ್ಡ ಹರವಿನ ಮೇಲೆ ಬಿದ್ದ ಒತ್ತಡವನ್ನು ಮೂಳೆಗಳು ರಿಕಾಪಿನ ಸಣ್ಣ ಅಡಿಪಾಯದ ಮೇಲೆ ಕೂಡಿಹಾಕಿ ಸುಮಾರು ಇಪ್ಪತ್ತೆರಡು ಪಟ್ಟು ಹೆಚ್ಚಿಸುತ್ತವೆ. ಗಾಳಿಯಿಂದ ದ್ರವಕ್ಕೆ ದಾಟುವಾಗ ಆಗುವ ನಷ್ಟವನ್ನು ಈ ಏರ್ಪಾಡು ಬಹುಪಾಲು ತುಂಬಿಕೊಡುತ್ತದೆ.

ಬೆಳೆಗಾರ: ಹಳ್ಳಿಗಳಲ್ಲಿ ಬಹಳ ಮಕ್ಕಳಿಗೆ ಕಿವಿ ಸೋರುತ್ತದೆ. ಬೆಳೆದಂತೆ ತಾನಾಗಿಯೇ ನಿಲ್ಲುತ್ತದೆ ಎಂದು ಹಿರಿಯರು ಹೇಳುತ್ತಾರೆ.

ವೈದ್ಯೆ: ಆ ಮಾತನ್ನು ನಂಬಿ ಎಷ್ಟೋ ಮಕ್ಕಳ ಕಿವಿ ಹಾಳಾಗಿದೆ. ಮಕ್ಕಳಲ್ಲಿ ಯುಸ್ಟೇಶಿಯನ್ ನಾಳ ಗಿಡ್ಡ, ಅಡ್ಡಡ್ಡ ಮಲಗಿದಂತೆ ಇರುತ್ತದೆ. ಗಂಟಲಿನ ಸೋಂಕು ಅದರ ಮೂಲಕ ಸುಲಭವಾಗಿ ನಡುಕಿವಿಗೆ ಹತ್ತುತ್ತದೆ. ಮಗುವನ್ನು ಪೂರ್ತಿ ಮಲಗಿಸಿ ಹಾಲು ಕುಡಿಸಿದರೆ ಆ ಅಪಾಯ ಹೆಚ್ಚು. ತಲೆಯನ್ನು ತುಸು ಎತ್ತಿ ಹಿಡಿದು ಕುಡಿಸಬೇಕು. ನಡುಕಿವಿಯಲ್ಲಿ ಕೀವು ತುಂಬಿ ಒತ್ತಿದಾಗ ಮಗು ರಾತ್ರಿಯೆಲ್ಲಾ ಅಳುತ್ತದೆ. ತಮಟೆ ಒಡೆದು ಕೀವು ಹೊರಗೆ ಬಂದಾಗ ನೋವು ಇಳಿಯುತ್ತದೆ, ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ. ಸರಿಯಾಗಿ ಔಷಧಿ ಕೊಟ್ಟರೆ ಆ ತೂತು ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಬಿಟ್ಟರೆ ತೂತು ಕಾಯಂ ಆಗಿ, ನೆಗಡಿಯಾದಾಗೆಲ್ಲ, ನೀರು ಹೋದಾಗೆಲ್ಲ ಸೋರುತ್ತದೆ.

ಬೆಳೆಗಾರ: ಸೋರುವ ಕಿವಿಯೆಲ್ಲ ಒಂದೇ ಬಗೆಯದೇ?

ವೈದ್ಯೆ: ಎರಡು ಬಗೆ. ಒಂದರಲ್ಲಿ ತಮಟೆಯ ನಡುವೆ ತೂತಿರುತ್ತದೆ, ಲೋಳೆಯಂಥ ಸೋರಿಕೆ ಬಂದು ಹೋಗಿ ಮಾಡುತ್ತದೆ. ಇದರಿಂದ ಕೇಳುವುದು ಕುಗ್ಗುತ್ತದೆ, ಆದರೆ ಜೀವಕ್ಕೆ ಅಪಾಯ ಕಡಿಮೆ. ಇನ್ನೊಂದರಲ್ಲಿ ಸೋರಿಕೆ ಸ್ವಲ್ಪವೇ, ಆದರೆ ಕೆಟ್ಟ ನಾತ. ಇಲ್ಲಿ ತಮಟೆಯ ಅಂಚಿನಿಂದ ಚರ್ಮ ಒಳಗೆ ಚೀಲದಂತೆ ಬೆಳೆದು ಸುತ್ತಲಿನ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ನಡುಕಿವಿಯ ಪಕ್ಕದಲ್ಲೇ ಮುಖದ ನರ ಹಾದುಹೋಗುತ್ತದೆ, ಮೇಲೆ ತೆಳುಮೂಳೆಯೊಂದರ ಆಚೆಗೇ ಮಿದುಳಿದೆ. ಅದಕ್ಕೇ ಈ ಬಗೆಯಲ್ಲಿ ಬಾಯಿ ಸೊಟ್ಟಗಾಗುವುದು, ಮಿದುಳಿನಲ್ಲಿ ಕೀವು ತುಂಬುವುದು ನಡೆಯುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಮೊದಲ ಬಗೆಯಲ್ಲೂ ತೂತನ್ನು ಮುಚ್ಚಬಹುದು. ಕಿವಿಯ ಮೇಲ್ಭಾಗದ ಸ್ನಾಯುವನ್ನು ಹೊದಿಸಿರುವ ತೆಳುಪೊರೆಯ ತುಂಡನ್ನೇ ತೆಗೆದು ತಮಟೆಗೆ ತೇಪೆ ಹಾಕುತ್ತಾರೆ. ಅಲ್ಲಿಯವರೆಗೆ ಸ್ನಾನ ಮಾಡುವಾಗ ವ್ಯಾಸಲಿನ್ ಹಚ್ಚಿದ ಹತ್ತಿಯಿಂದ ಕಿವಿ ಮುಚ್ಚಿಕೊಳ್ಳಬೇಕು. ಕೆರೆ ಬಾವಿಗಳಲ್ಲಿ ಮುಳುಗು ಹಾಕಬಾರದು.

ಬೆಳೆಗಾರ: ಸೋಂಕಿಲ್ಲದೆಯೂ ತಮಟೆ ಒಡೆಯುತ್ತದೆಯೇ?

ವೈದ್ಯೆ: ಕೆನ್ನೆಗೆ ಹೊಡೆದ ಒಂದು ಏಟು ಸಾಕು. ಅಂಗೈ ಕಿವಿಗೆ ಅಪ್ಪಳಿಸಿದಾಗ ಕೊಳವೆಯ ಗಾಳಿ ಒತ್ತಿ ತಮಟೆ ಹರಿಯುತ್ತದೆ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಮಕ್ಕಳ ಕಪಾಳಕ್ಕೆ ಕೈ ಎತ್ತುವವರು ಇದನ್ನು ತಿಳಿದಿರಬೇಕು. ಹತ್ತಿರದಲ್ಲಿ ಸಿಡಿದ ಪಟಾಕಿಯೂ ಹಾಗೆಯೇ. ಇಂಥ ಹೊಸ ತೂತು ನೀರು ತಾಕದಂತೆ, ಹನಿ ಔಷಧಿಯನ್ನೂ ಹಾಕದೆ ಒಣಗಾಗಿಟ್ಟರೆ ಬಹುಪಾಲು ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಇನ್ನು ಕೆಲವರಲ್ಲಿ ತಮಟೆ ಚೆನ್ನಾಗಿದ್ದರೂ ರಿಕಾಪು ಅಂಟಿಕೊಂಡು ಅಲುಗುವುದಿಲ್ಲ. ನಡುಹರೆಯದ ಹೆಂಗಸರಲ್ಲಿ ಇದು ಹೆಚ್ಚು, ಬಸಿರಿನಲ್ಲಿ ಜಾಸ್ತಿಯಾಗುವುದೂ ಉಂಟು. ಅಂಟಿದ ರಿಕಾಪಿನ ಜಾಗದಲ್ಲಿ ಸಣ್ಣ ಕೃತಕ ಪಿಸ್ಟನ್ ಕೂರಿಸಿ ಕೇಳಿಸುವಂತೆ ಮಾಡುವ ಶಸ್ತ್ರಚಿಕಿತ್ಸೆ 1956ರಿಂದ ನಡೆದುಬಂದಿದೆ. ಒಟ್ಟಿನಲ್ಲಿ ರಿಕಾಪಿನವರೆಗಿನ ದಾರಿಯಲ್ಲಿ ಏನು ಕೆಟ್ಟರೂ ತೆಗೆಯಲು, ಒಣಗಿಸಲು, ತೇಪೆ ಹಾಕಲು, ಬದಲಿಸಲು ಏನಾದರೊಂದು ಉಪಾಯವಿದೆ. ರಿಕಾಪು ದಾಟಿದ ಮೇಲೆ ಕತೆ ಬೇರೆ.

ಬೆಳೆಗಾರ: ಆಚೆಗಿರುವುದು ಏನು?

ವೈದ್ಯೆ: ಶಂಖ. ಒಳಕಿವಿಯ ಕೇಳುವ ಭಾಗ ಎರಡೂವರೆ ಸುತ್ತಿಗೂ ತುಸು ಹೆಚ್ಚು ಸುರುಳಿ ಸುತ್ತಿದ ಪುಟ್ಟ ಶಂಖದಂತಿದೆ. ಕಾಕ್ಲಿಯಾ ಎನ್ನುವುದು ಅದನ್ನೇ. ಬಿಚ್ಚಿದರೆ ಸುಮಾರು 35 ಮಿಲಿಮೀಟರ್ ಉದ್ದ. ಒಳಗೆ ದ್ರವ, ದ್ರವದ ನಡುವೆ ಉದ್ದಕ್ಕೂ ಹಾಸಿದ ಪೊರೆ, ಪೊರೆಯ ಮೇಲೆ ಸಾಲುಸಾಲಾಗಿ ಕೂದಲ ಕೋಶಗಳು. ರಿಕಾಪು ಒತ್ತಿದಾಗ ದ್ರವದಲ್ಲಿ ಅಲೆ ಏಳುತ್ತದೆ. ಕೀಚಲು ಸದ್ದಿನ ಅಲೆ ಶಂಖದ ಬಾಯಿಯ ಬಳಿಯೇ ಉಬ್ಬಿ ಅಡಗುತ್ತದೆ. ದಪ್ಪ ಸದ್ದಿನ ಅಲೆ ತುದಿಯವರೆಗೂ ಹೋಗುತ್ತದೆ. ಯಾವ ಜಾಗದ ಕೋಶಗಳು ಬಾಗಿದವು ಎಂಬುದರಿಂದ ಸ್ವರ ಯಾವುದೆಂದು ಮಿದುಳು ತಿಳಿಯುತ್ತದೆ. ಈ ಅಲೆಯ ನಡೆಯನ್ನು ಕಂಡುಹಿಡಿದ ಗೇಯೊರ್ಗ್ ಫಾನ್ ಬೇಕೇಶಿ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಒಂದು ಕಿವಿಯಲ್ಲಿ ಒಳಸಾಲಿನ ಕೋಶಗಳು ಸುಮಾರು 3,500. ಸಂಕೇತವನ್ನು ನರಕ್ಕೆ ದಾಟಿಸುವುದು ಅವೇ. ಹೊರಸಾಲಿನವು ಸುಮಾರು 12,000. ಅವು ಹಿಗ್ಗಿ ಕುಗ್ಗಿ ಸಣ್ಣ ಸದ್ದಿಗೆ ಬಲ ತುಂಬುತ್ತವೆ.

ಬೆಳೆಗಾರ: ಆ ಕೋಶಗಳು ಸತ್ತರೆ ಮತ್ತೆ ಹುಟ್ಟುತ್ತವೆಯೇ?

ವೈದ್ಯೆ: ಕೋಳಿಗೆ ಹುಟ್ಟುತ್ತವೆ, ಮನುಷ್ಯರಿಗಿಲ್ಲ. ಸದ್ದಿನಿಂದ ಕಿವುಡಾದ ಕೋಳಿಯ ಒಳಕಿವಿಯಲ್ಲಿ ಕೆಲವೇ ವಾರಗಳಲ್ಲಿ ಹೊಸ ಕೂದಲ ಕೋಶಗಳು ಬೆಳೆಯುತ್ತವೆ. ಮನುಷ್ಯರು ಹುಟ್ಟಿದಾಗ ತಂದಷ್ಟರಲ್ಲೇ ಬದುಕು ಮುಗಿಸಬೇಕು. ಆ ಕೋಶಗಳ ದೊಡ್ಡ ಶತ್ರು ಸದ್ದು.

ಬೆಳೆಗಾರ: ಎಷ್ಟು ಸದ್ದು ಹೆಚ್ಚಾಯಿತು ಎಂದು ಹೇಗೆ ತಿಳಿಯುವುದು?

ವೈದ್ಯೆ: ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಇದರ ಲೆಕ್ಕ ಬೇರೆ ಬಗೆಯದು: ಹತ್ತು ಡೆಸಿಬೆಲ್ ಏರಿದರೆ ಶಕ್ತಿ ಹತ್ತು ಪಟ್ಟಾಗುತ್ತದೆ, ಇಪ್ಪತ್ತು ಏರಿದರೆ ನೂರು ಪಟ್ಟು. ಸಾಮಾನ್ಯ ಮಾತು 60 ಡೆಸಿಬೆಲ್ ಆಸುಪಾಸು. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್‌ನಲ್ಲಿ ಇರುವುದು ಕಿವಿಯ ಮಿತಿ. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತದೆ: 88 ಆದರೆ ನಾಲ್ಕು ಗಂಟೆ, 91 ಆದರೆ ಎರಡು, 100 ಮುಟ್ಟಿದರೆ ಹದಿನೈದು ನಿಮಿಷ. ಮೀಟರ್ ಇಲ್ಲದಿದ್ದರೂ ಒಂದು ಗುರುತಿದೆ. ಒಂದು ಮಾರು ದೂರದಲ್ಲಿ ನಿಂತವರಿಗೆ ಕೂಗಿಯೇ ಹೇಳಬೇಕಾದರೆ ಆ ಜಾಗದ ಸದ್ದು ಕಿವಿಗೆ ಕೆಟ್ಟದ್ದು.

ಬೆಳೆಗಾರ: ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಅಂಥ ಜಾಗಗಳಿಗೆ ಕೊರತೆಯಿಲ್ಲ.

ವೈದ್ಯೆ: ಇಲ್ಲ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ನೂರಿಪ್ಪತ್ತು ವರ್ಷ ತಲೆಮಾರುಗಳ ಕಾರ್ಮಿಕರು ಇಕ್ಕಟ್ಟಿನ ಸುರಂಗಗಳಲ್ಲಿ ಬಂಡೆ ಕೊರೆದರು, ಸಿಡಿಮದ್ದು ಸಿಡಿಸಿದರು. ಬಂಡೆ ಕೊರೆಯುವ ಯಂತ್ರದ ಸದ್ದು 110 ಡೆಸಿಬೆಲ್ ದಾಟುತ್ತದೆ, ಸುರಂಗದ ಗೋಡೆಗಳು ಅದನ್ನು ಮತ್ತೆ ಕಿವಿಗೇ ಎಸೆಯುತ್ತವೆ. ಗಣಿ ಮುಚ್ಚಿದರೂ ಅಂಥ ಕೆಲಸ ನಿಂತಿಲ್ಲ. ಟೇಕಲ್ ಕಡೆಯ ಕಲ್ಲುಕ್ವಾರಿ, ಜಲ್ಲಿ ಕ್ರಷರ್, ಸಾವಿರ ಅಡಿ ದಾಟಿ ಕೊರೆಯುವ ಬೋರ್‌ವೆಲ್ ಲಾರಿ, ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್, ರೇಷ್ಮೆನೂಲು ಹುರಿಮಾಡುವ ಟ್ವಿಸ್ಟಿಂಗ್ ಯಂತ್ರ, ಮದುವೆ ಮೆರವಣಿಗೆಯ ಡಿಜೆ ಎಲ್ಲವೂ ಕಿವಿಯನ್ನು ತಿನ್ನುವಂಥವೇ. ತಮಟೆ ಬಾರಿಸುವವರ ಕಿವಿಯನ್ನೂ ನೆನೆಯಬೇಕು. ಹಳೆಯ ಕೋಲಾರ ಜಿಲ್ಲೆಗೆ ಸೇರಿದ್ದ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಆ ಕಲೆಗೆ ದೇಶದ ಗೌರವ ಸಿಕ್ಕಿತು. ಆ ಕಲಾವಿದರ ಕಿವಿಗೆ ಸಿಗಬೇಕಾದ ಕಾಳಜಿ ಇನ್ನೂ ಸಿಕ್ಕಬೇಕಾಗಿದೆ. ಎದೆಯ ಹತ್ತಿರ ಹಿಡಿದು ಗಂಟೆಗಟ್ಟಲೆ ಬಾರಿಸುವ ವಾದ್ಯ ಅದು.

ಬೆಳೆಗಾರ: ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಲದೇ?

ವೈದ್ಯೆ: ಸಾಲದು. ಒಣಹತ್ತಿ ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಫೋಮಿನ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಕೊಳವೆಗೆ ಸೇರಿಸಿದರೆ ಅದು ಹಿಗ್ಗಿ ಕೂರುತ್ತದೆ. ಇಲ್ಲವೇ ಇಡೀ ಕಿವಿ ಮುಚ್ಚುವ ಇಯರ್‌ಮಫ್ ಹಾಕಬೇಕು. ಯಂತ್ರದಿಂದ ದೂರ ಸರಿಯುವುದು, ನಡುನಡುವೆ ಕಿವಿಗೆ ಬಿಡುವು ಕೊಡುವುದು ಇವೂ ರಕ್ಷಣೆಯೇ. ಕಾನೂನು ಕೂಡ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸದ್ದಿನ ಪೆಟ್ಟು ಮೊದಲು ಕೀಚಲು ಸ್ವರಗಳಿಗೆ ಬೀಳುತ್ತದೆ, ಅದರಲ್ಲೂ 4,000 ಹರ್ಟ್ಸ್ ಸುತ್ತಮುತ್ತಲಿನವಕ್ಕೆ. ಮಾತು ಇನ್ನೂ ಕೇಳುತ್ತಿರುವುದರಿಂದ ಕೆಲಸಗಾರರಿಗೆ ಗೊತ್ತೇ ಆಗುವುದಿಲ್ಲ. ಕೆಲಸ ಬಿಟ್ಟು ಮನೆಗೆ ಬಂದ ಮೇಲೂ ಕಿವಿ ಗುಂಯ್‌ಗುಟ್ಟುತ್ತಿದ್ದರೆ ಅದೇ ಮೊದಲ ಎಚ್ಚರಿಕೆ.

ಬೆಳೆಗಾರ: ಔಷಧಿಯಿಂದಲೂ ಕಿವಿ ಕೆಡುತ್ತದೆ ಎನ್ನುತ್ತಾರಲ್ಲ?

ವೈದ್ಯೆ: ಕೆಲವು ಔಷಧಿಗಳಿಂದ. ಹಿಂದೆ ಕ್ಷಯಕ್ಕೆ ಬಹಳವಾಗಿ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು, ಜೆಂಟಾಮೈಸಿನ್, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಇವು ಕೂದಲ ಕೋಶಗಳನ್ನು ಕೊಲ್ಲಬಲ್ಲವು. ಜೀವ ಉಳಿಸಲು ಅವು ಬೇಕಾಗುವ ಸಂದರ್ಭಗಳಿವೆ. ಆದರೆ ಸಣ್ಣ ಜ್ವರಕ್ಕೆಲ್ಲ ಹೆಸರು ತಿಳಿಯದ ಇಂಜೆಕ್ಷನ್ ಹಾಕಿಸಿಕೊಳ್ಳಬಾರದು. ರೋಗಗಳೂ ಕಾರಣ. ಮಂಗನಬಾವು ಒಂದು ಕಿವಿಯನ್ನು ಪೂರ್ತಿ ಕಿವುಡು ಮಾಡಬಲ್ಲದು. ದಡಾರ, ಮಿದುಳುಪೊರೆಯ ಉರಿಯೂತ ಕೂಡ ಕಿವಿಗೆ ಪೆಟ್ಟು ಕೊಡುತ್ತವೆ. ಬಸುರಿಗೆ ರುಬೆಲ್ಲಾ ಬಂದರೆ ಮಗು ಕಿವುಡಾಗಿ ಹುಟ್ಟಬಹುದು. ಮಕ್ಕಳಿಗೆ ದಡಾರ–ರುಬೆಲ್ಲಾ ಲಸಿಕೆ ಹಾಕಿಸುವುದು ಕಿವಿಯ ರಕ್ಷಣೆಯೂ ಹೌದು.

ಬೆಳೆಗಾರ: ಹುಟ್ಟುಕಿವುಡಿಗೆ ಬೇರೆ ಕಾರಣಗಳು?

ವೈದ್ಯೆ: ದಿನ ತುಂಬುವ ಮುಂಚೆ ಹುಟ್ಟುವುದು, ಹುಟ್ಟುವಾಗ ಉಸಿರುಕಟ್ಟುವುದು, ವಿಪರೀತ ಕಾಮಾಲೆ, ಇವಕ್ಕಿಂತ ಮಿಗಿಲಾಗಿ ವಂಶವಾಹಿ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಸಂಪ್ರದಾಯ ಹಳೆಯದು. ಕಿವುಡುತನ ತರುವ ಬಹಳಷ್ಟು ವಂಶವಾಹಿಗಳು ಒಂದೇ ಪ್ರತಿಯಿದ್ದಾಗ ಮುಚ್ಚಿಕೊಂಡಿರುತ್ತವೆ. ತಂದೆ ತಾಯಿ ಇಬ್ಬರಿಂದಲೂ ಅದೇ ಕೆಟ್ಟ ಪ್ರತಿ ಬಂದರೆ ಮಗುವಿನಲ್ಲಿ ಹೊರಬೀಳುತ್ತವೆ. ಒಂದೇ ರಕ್ತದ ಇಬ್ಬರು ಮದುವೆಯಾದಾಗ ಇಬ್ಬರಲ್ಲೂ ಅದೇ ಪ್ರತಿ ಇರುವ ಸಾಧ್ಯತೆ ಏರುತ್ತದೆ. ಹಾಗೆ ಮದುವೆಯಾದವರ ಮಕ್ಕಳೆಲ್ಲ ಕಿವುಡರಾಗುವುದಿಲ್ಲ. ಆದರೆ ಮನೆತನದಲ್ಲಿ ಈಗಾಗಲೇ ಹುಟ್ಟುಕಿವುಡರಿದ್ದರೆ ಸಂಬಂಧದೊಳಗೆ ಮತ್ತೆ ಮದುವೆ ಮಾಡುವ ಮುನ್ನ ವೈದ್ಯರ ಸಲಹೆ ಕೇಳುವುದು ಹಿರಿಯರ ಹೊಣೆ.

ಬೆಳೆಗಾರ: ಎಳೆಮಗುವಿಗೆ ಕೇಳುತ್ತದೆಯೋ ಇಲ್ಲವೋ ಎಂದು ಯಾರಿಗೆ ಗೊತ್ತಾಗುತ್ತದೆ?

ವೈದ್ಯೆ: ಯಂತ್ರಕ್ಕೆ ಗೊತ್ತಾಗುತ್ತದೆ. ಹೊರಸಾಲಿನ ಕೂದಲ ಕೋಶಗಳು ಹಿಗ್ಗಿ ಕುಗ್ಗುವಾಗ ಕಿವಿಯೇ ಸಣ್ಣದೊಂದು ಸದ್ದನ್ನು ಹೊರಗೆ ಬಿಡುತ್ತದೆ. 1978ರಲ್ಲಿ ಡೇವಿಡ್ ಕೆಂಪ್ ಇದನ್ನು ತೋರಿಸಿಕೊಟ್ಟರು. ಮಲಗಿರುವ ಮಗುವಿನ ಕಿವಿಗೆ ಪುಟ್ಟ ಮೈಕ್ ಇಟ್ಟು ಆ ಸದ್ದನ್ನು ಹಿಡಿಯುವ ಪರೀಕ್ಷೆ ಕೆಲವೇ ನಿಮಿಷದ್ದು, ನೋವಿಲ್ಲದ್ದು. ಓಎಇ ಎಂದು ಅದರ ಹೆಸರು. ಅದರಲ್ಲಿ ಸಂಶಯ ಬಂದರೆ ಬೇರಾ ಪರೀಕ್ಷೆಯಲ್ಲಿ ನರದ ಸಂಕೇತವನ್ನೇ ಅಳೆಯುತ್ತಾರೆ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಧಾರ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬುದು ಜಗತ್ತು ಒಪ್ಪಿದ ಗಡುವು. ಮನೆಯವರೂ ಗಮನಿಸಬಹುದು. ಬಾಗಿಲು ಬಡಿದರೆ ಎಳೆಮಗು ಬೆಚ್ಚಬೇಕು. ಆರೇಳು ತಿಂಗಳಿಗೆ ಸದ್ದಿನ ಕಡೆ ತಿರುಗಬೇಕು. ವರ್ಷದ ಹೊತ್ತಿಗೆ ಅಮ್ಮ, ಅಪ್ಪ ಎಂಬಂಥ ಒಂದೆರಡು ಮಾತು ಬರಬೇಕು.

ಬೆಳೆಗಾರ: ಈ ಕಡೆ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಎರಡು ಭಾಷೆ ಬೆರೆತು ಮಗುವಿಗೆ ಮಾತು ತಡ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ನಾಲಿಗೆಗೆ ಬಜೆ ತಿಕ್ಕುತ್ತಾರೆ.

ವೈದ್ಯೆ: ಎರಡು ಭಾಷೆಗಳಿಂದ ಯಾವ ಮಗುವೂ ಮೂಕವಾಗುವುದಿಲ್ಲ. ನಾಲಿಗೆಯಲ್ಲಿ ದೋಷವಿಲ್ಲದ ಮಗುವಿಗೆ ಬಜೆ ತಿಕ್ಕಿ ಫಲವಿಲ್ಲ. ಮಾತು ಕಿವಿಯಿಂದ ಒಳಗೆ ಹೋದರೆ ತಾನೇ ಬಾಯಿಂದ ಹೊರಗೆ ಬರುವುದು? ಮಿದುಳಿನ ಮಾತು ಕಲಿಯುವ ಭಾಗ ಮೊದಲ ಮೂರು ವರ್ಷಗಳಲ್ಲಿ ಅತಿ ಚುರುಕಾಗಿರುತ್ತದೆ. ಆ ಕಾಲ ಕಳೆದರೆ ಶ್ರವಣಯಂತ್ರ ಹಾಕಿದರೂ ಕಲಿಕೆ ಕಷ್ಟ. ಯಂತ್ರದಿಂದಲೂ ಕೇಳದಷ್ಟು ಕಿವುಡಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಸತ್ತ ಕೂದಲ ಕೋಶಗಳನ್ನು ಬಿಟ್ಟು, ಶಂಖದೊಳಗೆ ತೂರಿಸಿದ ತಂತಿ ನರಕ್ಕೆ ನೇರವಾಗಿ ಸಂಕೇತ ಕೊಡುತ್ತದೆ. ಬಡ ಮಕ್ಕಳಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಇದಕ್ಕೆ ನೆರವಿದೆ. ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ಮಾತಿನ ತರಬೇತಿ ಬೇಕು, ಅದರಲ್ಲಿ ತಾಯಿತಂದೆಯೂ ಕೂರಬೇಕು. ಸನ್ನೆಭಾಷೆಯೂ ಪೂರ್ಣವಾದ ಭಾಷೆಯೇ. ಯಾವುದಾದರೊಂದು ಭಾಷೆ ಎಳವೆಯಲ್ಲೇ ಮಗುವಿಗೆ ಸಿಗಬೇಕು ಎಂಬುದು ಮುಖ್ಯ.

ಬೆಳೆಗಾರ: ವಯಸ್ಸಾದವರ ಕಿವಿಯ ಬಗ್ಗೆ ಹೇಳಿ. ಕೇಳುತ್ತದೆ, ಆದರೆ ಏನೆಂದು ತಿಳಿಯದು ಎನ್ನುತ್ತಾರೆ.

ವೈದ್ಯೆ: ಅದು ನಿಜವಾದ ಮಾತು. ವಯಸ್ಸಾದಂತೆ ಶಂಖದ ಬಾಯಿಯ ಬಳಿಯ ಕೋಶಗಳು ಮೊದಲು ಸಾಯುತ್ತವೆ, ಕೀಚಲು ಸ್ವರಗಳು ಮೊದಲು ಹೋಗುತ್ತವೆ. ಮಾತಿನಲ್ಲಿ ಸ್ವರಾಕ್ಷರಗಳು ದಪ್ಪ ಸದ್ದಿನವು, ಸ, ಕ, ಪ, ಹ ಮುಂತಾದ ವ್ಯಂಜನಗಳು ಕ್ಷೀಣ ಸದ್ದಿನವು, ಅವುಗಳಲ್ಲಿ ಹಲವು ಕೀಚಲು. ಹಾಲು, ಕಾಲು, ಪಾಲು, ಸಾಲು ನಾಲ್ಕೂ ಅಂಥ ಕಿವಿಗೆ 'ಆಲು' ಎಂದೇ ಕೇಳುತ್ತವೆ. ಎದುರುಬದುರು ಕೂತಾಗ ತುಟಿ ನೋಡಿ ಊಹಿಸಬಹುದು. ಗೂಡಿನ ಮಾರುಕಟ್ಟೆಯ ಗದ್ದಲದಲ್ಲಿ, ನಾಲ್ಕು ಜನ ಒಟ್ಟಿಗೆ ಮಾತಾಡುವ ಮನೆಯಲ್ಲಿ ಊಹೆ ನಡೆಯುವುದಿಲ್ಲ. ಕನ್ನಡದಲ್ಲಿ ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಕೇಳು ಎಂಬ ಒಂದೇ ಮಾತಿದೆ. ಕೇಳದವರು ಮೊದಮೊದಲು ಮತ್ತೆ ಮತ್ತೆ ಕೇಳುತ್ತಾರೆ. ಮನೆಯವರು ರೇಗತೊಡಗಿದ ಮೇಲೆ ಕೇಳುವುದನ್ನೇ ಬಿಡುತ್ತಾರೆ. ಮೂಲೆ ಹಿಡಿದು ಕೂತ ಅಜ್ಜ ಅಜ್ಜಿಯರ ಮೌನಕ್ಕೆ ವೈರಾಗ್ಯ ಕಾರಣವಲ್ಲ, ಬಹಳ ಸಲ ಕಿವಿಯೇ ಕಾರಣ. ಚಿಕಿತ್ಸೆಯಿಲ್ಲದ ಕಿವುಡುತನ ಮುಂದೆ ಮರೆವಿನ ರೋಗದ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದನ್ನೂ ವೈದ್ಯಲೋಕ ಈಗ ಒಪ್ಪಿದೆ.

ಬೆಳೆಗಾರ: ಶ್ರವಣಯಂತ್ರ ಹಾಕಿದವರು ಬರೀ ಗದ್ದಲ ಎಂದು ತೆಗೆದಿಡುತ್ತಾರೆ.

ವೈದ್ಯೆ: ವರ್ಷಗಟ್ಟಲೆ ಸದ್ದನ್ನೇ ಕಾಣದ ಮಿದುಳಿಗೆ ಫ್ಯಾನಿನ ಸದ್ದು, ಪಾತ್ರೆಯ ಸದ್ದು ಎಲ್ಲವೂ ಹೊಸದು. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ, ಶಾಂತವಾದ ಜಾಗದಲ್ಲಿ, ಒಬ್ಬರ ಜೊತೆ ಮಾತಾಡಿ ರೂಢಿ ಮಾಡಿಕೊಳ್ಳಬೇಕು. ಯಂತ್ರವನ್ನು ಕಿವಿಯ ಪರೀಕ್ಷೆಗೆ ಹೊಂದಿಸಿಯೇ ಕೊಡಬೇಕು. ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕೊಳ್ಳುವುದಲ್ಲ. ಮನೆಯವರೂ ರೀತಿ ಬದಲಿಸಬೇಕು. ಅರಚಿದರೆ ಪ್ರಯೋಜನವಿಲ್ಲ. ಬೆಳಕಿನಲ್ಲಿ ಮುಖ ಕಾಣುವಂತೆ ನಿಂತು, ಟಿವಿ ನಿಲ್ಲಿಸಿ, ನಿಧಾನವಾಗಿ ಹೇಳಬೇಕು. ತಿಳಿಯದಿದ್ದರೆ ಅದನ್ನೇ ಬೇರೆ ಮಾತಿನಲ್ಲಿ ಹೇಳಬೇಕು. "ಬಿಡು, ಏನಿಲ್ಲ" ಎಂದು ಮಾತ್ರ ಹೇಳಬಾರದು.

ಬೆಳೆಗಾರ: ತಲೆಸುತ್ತು ಬಂದರೂ ಕಿವಿಯ ಡಾಕ್ಟರ ಬಳಿಗೇ ಕಳಿಸುತ್ತಾರೆ, ಏಕೆ?

ವೈದ್ಯೆ: ಶಂಖದ ಪಕ್ಕದಲ್ಲೇ ಮೂರು ಅರ್ಧವರ್ತುಲದ ನಾಳಗಳಿವೆ. ಮೈಯ ತೂಕ ತಪ್ಪದಂತೆ ನೋಡಿಕೊಳ್ಳುವುದರಲ್ಲಿ ಅವುಗಳ ಪಾಲು ದೊಡ್ಡದು. ಒಳಕಿವಿಯ ಸುಣ್ಣದ ಹರಳುಗಳು ಜಾಗ ಬಿಟ್ಟು ಆ ನಾಳಕ್ಕೆ ಜಾರಿದರೆ ಮಗ್ಗುಲು ತಿರುಗಿದಾಗಲೆಲ್ಲ ಕೆಲವು ಸೆಕೆಂಡು ಕೋಣೆಯೇ ತಿರುಗುತ್ತದೆ. ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳುಗಳನ್ನು ಹಿಂದಕ್ಕೆ ಕಳಿಸುವ ವಿಧಾನದಿಂದಲೇ ಇದು ವಾಸಿಯಾಗುತ್ತದೆ. ಇನ್ನು ಯಾವ ಕಾರಣವೂ ಕಾಣದೆ ಮೂರು ದಿನಗಳೊಳಗೆ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದು ತುರ್ತುಸ್ಥಿತಿ. ಬೇಗ ಸ್ಟೀರಾಯ್ಡ್ ಕೊಟ್ಟರೆ ಮರಳಿ ಬರುವ ಸಾಧ್ಯತೆ ಇದೆ, ವಾರಗಳು ಕಳೆದರೆ ಆ ಅವಕಾಶ ಜಾರಿಹೋಗುತ್ತದೆ.

ಬೆಳೆಗಾರ: ತೊಡಕು ತಮಟೆಯ ಕಡೆಯದೋ ಶಂಖದ ಕಡೆಯದೋ ಎಂದು ಹೇಗೆ ಕಂಡುಹಿಡಿಯುತ್ತೀರಿ? ಎಲ್ಲಿಗೆ ಬರಬೇಕು?

ವೈದ್ಯೆ: 512 ಹರ್ಟ್ಸಿನ ಶ್ರುತಿಕವೆಯೊಂದು ಸಾಕು. ಅದನ್ನು ಮೀಟಿ ಒಮ್ಮೆ ಕಿವಿಯ ಮುಂದೆ, ಒಮ್ಮೆ ಕಿವಿಯ ಹಿಂದಿನ ಮೂಳೆಯ ಮೇಲೆ ಹಿಡಿಯುತ್ತಾರೆ. ಮೂಳೆಯ ಮೂಲಕ ಚೆನ್ನಾಗಿ ಕೇಳಿ, ಗಾಳಿಯ ಮೂಲಕ ಕಡಿಮೆ ಕೇಳಿದರೆ ತೊಡಕು ಹೊರಗಿನ ಎರಡು ಭಾಗಗಳಲ್ಲಿದೆ. ಎಷ್ಟು ಡೆಸಿಬೆಲ್ ನಷ್ಟವಾಗಿದೆ ಎಂದು ತಿಳಿಯಲು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಆಡಿಯೊಮೆಟ್ರಿ ಮಾಡುತ್ತಾರೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಅಥವಾ ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರಬಹುದು. ಹೆಚ್ಚಿನ ಪರೀಕ್ಷೆ, ತರಬೇತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಿಂದ, ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆದಿವೆ.

ಬೆಳೆಗಾರ: ಇಷ್ಟರಲ್ಲಿ ಊರಿನವರಿಗೆ ಹೇಳಬೇಕಾದದ್ದು ಯಾವುದು?

ವೈದ್ಯೆ: ಎರಡೇ ಮಾತು. ತಮಟೆಯ ಕಡೆ ಕೆಟ್ಟದ್ದನ್ನು ಸರಿಮಾಡಬಹುದು, ತಡಮಾಡದೆ ಬನ್ನಿ. ಶಂಖದ ಕಡೆ ಕೆಟ್ಟದ್ದು ಬಹುಪಾಲು ಮರಳುವುದಿಲ್ಲ, ಕೆಡುವ ಮುಂಚೆಯೇ ಕಾಪಾಡಿಕೊಳ್ಳಿ. ಇಂದು ಮನೆಗೆ ಹೋದ ಮೇಲೆ ಮೂವರನ್ನು ಗಮನಿಸಿ: ಸದ್ದಿಗೆ ಬೆಚ್ಚದ ಎಳೆಮಗು, ಕಿವಿಗೆ ಹತ್ತಿ ಇಟ್ಟುಕೊಂಡು ಶಾಲೆಗೆ ಹೋಗುವ ಹುಡುಗಿ, ಇತ್ತೀಚೆಗೆ ಮಾತು ಕಡಿಮೆ ಮಾಡಿದ ಹಿರಿಯರು. ಅವರಲ್ಲಿ ಒಬ್ಬರಾದರೂ ನಿಮ್ಮ ಮನೆಯಲ್ಲಿದ್ದರೆ ಇದೇ ವಾರ ಆಸ್ಪತ್ರೆಗೆ ಕರೆತನ್ನಿ.